ಸ್ಕ್ಯಾನ್ ರಿಪೋರ್ಟಿನಲ್ಲಿ ಇರದ ಒಂದು ಸಾಲು

ಕೊರೋನಾ ಎರಡನೇ ಅಲೆಯ ಹೊತ್ತಿಗೆ ನಡೆದ ಒಂದು ಜಗಳ ನಿಮಗೆ ನೆನಪಿದೆಯಾ? 2021ರ ಮೇ ತಿಂಗಳ ಮೊದಲ ವಾರ. ಆಕ್ಸಿಜನ್ನು, ಬೆಡ್ಡು, ರೆಮ್‌ಡಿಸಿವಿರ್ ಅಂತ ಊರೆಲ್ಲ ಓಡುತ್ತಿದ್ದ ದಿನಗಳು. ಸ್ವಲ್ಪ ಕೆಮ್ಮು ಬಂದರೂ ಜನ ಸೀದಾ ಸ್ಕ್ಯಾನ್ ಸೆಂಟರಿನ ಮುಂದೆ ಸಾಲು ನಿಲ್ಲುತ್ತಿದ್ದರು. ಆಗ ದೆಹಲಿ ಏಮ್ಸ್‌ನ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು, ಒಂದು ಸಿಟಿ ಸ್ಕ್ಯಾನ್ ಅಂದರೆ 300ರಿಂದ 400 ಎದೆ ಎಕ್ಸ್-ರೇಗೆ ಸಮ, ಸುಮ್ಮಸುಮ್ಮನೆ ಮಾಡಿಸಬೇಡಿ ಅಂದರು. ಅದರ ಬೆನ್ನಿಗೇ ರೇಡಿಯಾಲಜಿಸ್ಟುಗಳ ಅಖಿಲ ಭಾರತ ಸಂಘ ಆಕ್ಷೇಪ ಎತ್ತಿತು. ಅದೆಲ್ಲ ಹಳೇ ಕಾಲದ ಮಾತು, ಈಗಿನ ಯಂತ್ರಗಳಲ್ಲಿ ಕಡಿಮೆ ಡೋಸಿನಲ್ಲಿ ತೆಗೆದರೆ ಐದರಿಂದ ಹತ್ತು ಎಕ್ಸ್-ರೇಯಷ್ಟೇ ಅಂತ ಹೇಳಿಕೆ ಕೊಟ್ಟಿತು.

ಐದಾ, ನಾನೂರಾ? ಇಬ್ಬರೂ ದೊಡ್ಡವರು, ಇಬ್ಬರೂ ಓದಿದವರು. ತರಕಾರಿ ಅಂಗಡಿಯಲ್ಲಿ ಒಬ್ಬ ಈರುಳ್ಳಿ ಕೇಜಿಗೆ ಐದು ರೂಪಾಯಿ ಅಂದು, ಪಕ್ಕದವನು ನಾನೂರು ಅಂದರೆ ನಾವು ಬಿಡ್ತೀವಾ?

ತಮಾಷೆ ಅಂದರೆ ಇಬ್ಬರ ಲೆಕ್ಕವೂ ಒಂದೊಂದು ರೀತಿಯಲ್ಲಿ ಸರಿಯೇ. ಮಾಮೂಲಿ ಎದೆ ಸಿಟಿಗೆ ಸುಮಾರು 7 ಮಿಲಿಸೀವರ್ಟ್ ಅಂತ ಹಿಡಿದು, ಎದುರಿನಿಂದ ತೆಗೆದ ಒಂದೇ ಒಂದು ಎದೆ ಎಕ್ಸ್-ರೇಗೆ 0.02 ಅಂತ ಹಿಡಿದರೆ 350 ಬರುತ್ತೆ. ಕಡಿಮೆ ಡೋಸಿನ ಸಿಟಿಗೆ 1 ಅಂತ ಹಿಡಿದು, ಎದುರಿಂದ ಒಂದು, ಪಕ್ಕದಿಂದ ಒಂದು ಎರಡೂ ಸೇರಿಸಿ ಎಕ್ಸ್-ರೇಗೆ 0.1 ಅಂತ ಹಿಡಿದರೆ ಹತ್ತೇ. ಮೇಲಿನ ಸಂಖ್ಯೆಯನ್ನೂ ಕೆಳಗಿನ ಸಂಖ್ಯೆಯನ್ನೂ ಬೇಕಾದಂತೆ ಆರಿಸಿಕೊಂಡರೆ ಯಾವ ಉತ್ತರ ಬೇಕಾದರೂ ಹುಟ್ಟುತ್ತೆ. ನನಗೆ ಕಿರಿಕಿರಿಯಾದದ್ದು ಇನ್ನೊಂದಕ್ಕೆ. ಅಷ್ಟು ದಿನದ ಟೀವಿ ಚರ್ಚೆಯಲ್ಲಿ, ನಾನು ನೋಡಿದ ಮಟ್ಟಿಗೆ, ಒಬ್ಬರೂ "ನಿಮ್ಮ ಸ್ಕ್ಯಾನಿನಲ್ಲಿ ಎಷ್ಟು ಬಿತ್ತು ಅಂತ ರಿಪೋರ್ಟಿನಲ್ಲೇ ನೋಡಿಕೊಳ್ಳಿ" ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ, ಯಾಕಂದ್ರೆ ನಮ್ಮ ಹೆಚ್ಚಿನ ರಿಪೋರ್ಟುಗಳಲ್ಲಿ ಆ ಸಾಲೇ ಇರೋದಿಲ್ಲ.

ಯಂತ್ರಕ್ಕೆ ಮಾತ್ರ ಅದು ಗೊತ್ತಿರುತ್ತೆ. ಪ್ರತಿ ಸ್ಕ್ಯಾನ್ ಮುಗಿದ ಮೇಲೆ ಸಿಟಿ ಯಂತ್ರ ತಾನೇ ಒಂದು ಡೋಸ್ ಪುಟ ತಯಾರಿಸುತ್ತೆ. ಅದರಲ್ಲಿ ಡಿಎಲ್‌ಪಿ ಅನ್ನೋ ಒಂದು ಸಂಖ್ಯೆ ಇರುತ್ತೆ, ಮಿಲಿಗ್ರೇ-ಸೆಂಟಿಮೀಟರ್ ಲೆಕ್ಕದಲ್ಲಿ. ಎಷ್ಟು ತೀಕ್ಷ್ಣವಾಗಿ, ಎಷ್ಟು ಉದ್ದಕ್ಕೆ ಕಿರಣ ಹಾಯಿತು ಅನ್ನೋದರ ಗುಣಲಬ್ಧ ಅದು. ದೊಡ್ಡವರ ಎದೆಯ ಸ್ಕ್ಯಾನ್ ಆದರೆ ಅದನ್ನು 0.014ರಿಂದ, ಹೊಟ್ಟೆಯದ್ದಾದರೆ 0.015ರಿಂದ, ತಲೆಯದ್ದಾದರೆ 0.0021ರಿಂದ ಗುಣಿಸಿದರೆ ಅಂದಾಜು ಮಿಲಿಸೀವರ್ಟ್ ಸಿಗುತ್ತೆ. ಎದೆಯ ಸ್ಕ್ಯಾನಿನಲ್ಲಿ 400 ಅಂತ ಇದ್ದರೆ 5.6. ಇದು ಸರಾಸರಿ ಮೈಕಟ್ಟಿನ ವಯಸ್ಕರ ಲೆಕ್ಕ, ಮಕ್ಕಳಿಗೆ ಗುಣಕ ಇನ್ನೂ ದೊಡ್ಡದು. ಸಿಡಿ ಕೊಟ್ಟಿದ್ದರೆ ಈ ಪುಟ ಸಾಮಾನ್ಯವಾಗಿ ಕೊನೆಯ ಚಿತ್ರವಾಗಿ ಅದರೊಳಗೆ ಕೂತಿರುತ್ತೆ, ತೆಗೆದು ನೋಡಿ. ಕೂತಿರೋ ಸಂಖ್ಯೆಯನ್ನು ರಿಪೋರ್ಟಿನ ಹಾಳೆಗೆ ಇಳಿಸೋದಕ್ಕೆ ಏನು ಖರ್ಚು? ಒಂದು ಸಾಲಿನ ಇಂಕು.

ಈ ಬರಹದಲ್ಲಿ ನಾನು ಕೇಳೋದು ಇಷ್ಟೇ. ವಿಕಿರಣ ಯಾರ ಮೈಮೇಲೆ ಬೀಳುತ್ತೋ ಅದರ ಲೆಕ್ಕ ಅವರ ಕೈಯಲ್ಲಿರಬೇಕು. ರೋಗಿಯದ್ದು ರೋಗಿಗೆ, ಕೆಲಸದವರದ್ದು ಕೆಲಸದವರಿಗೆ. ಸಣ್ಣ ಬೇಡಿಕೆ ಅನ್ನಿಸಬಹುದು. ಆದರೆ ಇದರ ಹಿಂದೆ ನೂರಿಪ್ಪತ್ತು ವರ್ಷಕ್ಕೂ ಮೀರಿದ ಕಥೆ ಇದೆ.

ರಾಂಟ್‌ಗೆನ್ ಎಕ್ಸ್-ಕಿರಣ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಜಗತ್ತಿನ ತುಂಬ ಆಸ್ಪತ್ರೆಗಳಲ್ಲಿ ಅದು ಬಂದಾಗಿತ್ತು. ಆದರೆ ಅಳೆಯೋಕೆ ಯಾವ ಮಾಪನವೂ ಇರಲಿಲ್ಲ. ಕೊಳವೆ ಸರಿಯಾಗಿ ಉರೀತಾ ಇದೆಯೋ ಇಲ್ಲವೋ ಅಂತ ನೋಡೋಕೆ ಆಪರೇಟರು ತನ್ನ ಕೈಯನ್ನೇ ಅಡ್ಡ ಇಟ್ಟು ಮೂಳೆ ಕಾಣುತ್ತಾ ಅಂತ ನೋಡುತ್ತಿದ್ದ, ದಿನಾ ಬೆಳಿಗ್ಗೆ. ಎಷ್ಟು ಕೊಟ್ಟರೆ ಚರ್ಮ ಕೆಂಪಾಗುತ್ತೋ ಅದೇ ಒಂದು ಅಳತೆ ಅಂತ ವೈದ್ಯರು ಬಹಳ ಕಾಲ ಇಟ್ಟುಕೊಂಡಿದ್ದರು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೇ ಕೈ ಒಡ್ಡಿ ಒಡ್ಡಿ, ಎರಡೂ ಕೈ ಕತ್ತರಿಸಿಕೊಂಡು, 1904ರಲ್ಲಿ ಕ್ಯಾನ್ಸರಿನಿಂದ ಸತ್ತ. ಎಡಿಸನ್ ಆಮೇಲೆ ಎಕ್ಸ್-ರೇ ಸಹವಾಸವನ್ನೇ ಬಿಟ್ಟ. ಜರ್ಮನಿಯ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ ಇಂಥವರಿಗೊಂದು ಸ್ಮಾರಕ ಇದೆ, 1936ರದ್ದು. ಮೊದಲು ಕೆತ್ತಿದಾಗಲೇ 169 ಹೆಸರು, ಆಮೇಲೆ ಇನ್ನೂ ಸೇರಿದವು. ವೈದ್ಯರು, ನರ್ಸುಗಳು, ತಂತ್ರಜ್ಞರು. ಅಂತಾರಾಷ್ಟ್ರೀಯವಾಗಿ ಒಪ್ಪಿದ ಒಂದು ಮಾಪನ, ರಾಂಟ್‌ಗೆನ್ ಅಂತಲೇ ಅದರ ಹೆಸರು, ಬಂದದ್ದು 1928ರಲ್ಲಿ. ಅಲ್ಲಿಯತನಕ ಕೆಲಸಗಾರನ ಚರ್ಮವೇ ಮೀಟರು.

ಅದು ಆ ಕಾಲ, ಈಗ ಹಾಗಿಲ್ಲ ಅಂತೀರಾ? ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಅಂತ ಬಹಳ ಹೆಸರುವಾಸಿ ಆಸ್ಪತ್ರೆ. 2008ರ ಫೆಬ್ರವರಿಯಲ್ಲಿ ಅಲ್ಲಿ ಲಕ್ವ ಹೊಡೆದವರ ಮೆದುಳಿನ ರಕ್ತ ಸಂಚಾರ ನೋಡುವ ಸಿಟಿ ಸ್ಕ್ಯಾನಿನ ಸೆಟ್ಟಿಂಗನ್ನು ಬದಲಾಯಿಸಿದರು. ಎಲ್ಲೋ ತಪ್ಪಿತು. ಅರ್ಧ ಗ್ರೇ ಬೀಳಬೇಕಾದ ಕಡೆ ಮೂರು-ನಾಲ್ಕು ಗ್ರೇ ಬೀಳತೊಡಗಿತು, ಹತ್ತಿರ ಹತ್ತಿರ ಎಂಟು ಪಟ್ಟು. ಹದಿನೆಂಟು ತಿಂಗಳು ಯಾರಿಗೂ ತಿಳಿಯಲಿಲ್ಲ. 206 ರೋಗಿಗಳು. ಗೊತ್ತಾದದ್ದು ಹೇಗೆ? 2009ರಲ್ಲಿ ಒಬ್ಬ ರೋಗಿ ಬಂದು ನನ್ನ ಕೂದಲು ಉದುರುತ್ತಿದೆ ಅಂದ ಮೇಲೆ. ಡೋಸಿನ ಸಂಖ್ಯೆ ಅಷ್ಟೂ ದಿನ ಪರದೆಯ ಮೇಲೆ ಬರ್ತಾನೇ ಇತ್ತು! ಅಲ್ಲಿ ಚರ್ಮ ಮೀಟರಾಗಿತ್ತು, ಇಲ್ಲಿ ಕೂದಲು.

ಇದಾದ ಮೇಲೆ ಕ್ಯಾಲಿಫೋರ್ನಿಯಾ 2010ರಲ್ಲಿ ಒಂದು ಕಾನೂನು ಮಾಡಿತು. ಪ್ರತಿ ಸಿಟಿ ಸ್ಕ್ಯಾನಿನ ಡೋಸನ್ನೂ ರಿಪೋರ್ಟಿನಲ್ಲಿ ದಾಖಲಿಸಬೇಕು ಅಂತ. 2012ರ ಜುಲೈಯಿಂದ ಅದು ಜಾರಿಗೆ ಬಂತು. ನಾನು ಕೇಳ್ತಿರೋ ಸಾಲು ಅದೇ.

ಸರಿ, ಈ ಕಿರಣ ಮೈಯೊಳಗೆ ಮಾಡೋದೇನು? ನಮ್ಮ ಜೀವಕೋಶದಲ್ಲಿ ಹೆಚ್ಚಿನ ಪಾಲು ನೀರು. ಕಿರಣ ಆ ನೀರಿನ ಅಣುವನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನೋ ಪುಂಡನನ್ನು ಹುಟ್ಟಿಸುತ್ತೆ, ಅದು ಹೋಗಿ ಪಕ್ಕದ ಡಿಎನ್ಎಯನ್ನು ಕಚ್ಚುತ್ತೆ. ಕೆಲವು ಸಲ ಕಿರಣವೇ ನೇರ ಹೋಗಿ ಬಡಿಯೋದೂ ಉಂಟು. ಏಣಿಯ ಒಂದು ಕಂಬ ಮುರಿದರೆ ಜೀವಕೋಶ ಎದುರಿನ ಕಂಬ ನೋಡಿಕೊಂಡು ಸರಿಮಾಡಿಕೊಳ್ಳುತ್ತೆ. ಎರಡೂ ಕಂಬ ಒಂದೇ ಕಡೆ ಮುರಿದರೆ ಕಷ್ಟ. ಒಂದು ಗ್ರೇ ಬಿದ್ದರೆ ಒಂದೊಂದು ಜೀವಕೋಶದಲ್ಲಿ ಒಂಟಿ ಮುರಿತ ಸಾವಿರದಷ್ಟು, ಜೋಡಿ ಮುರಿತ ನಲವತ್ತರಷ್ಟು. ಅದರಲ್ಲೂ ಬಹಳಷ್ಟು ರಿಪೇರಿ ಆಗುತ್ತೆ. ತಪ್ಪಾಗಿ ರಿಪೇರಿಯಾದ ಒಂದೆರಡೇ ಮುಂದಿನ ತಲೆನೋವು. ಬೇಗ ಬೇಗ ವಿಭಜನೆ ಆಗುವ ಕೋಶಗಳಿಗೆ ಪೆಟ್ಟು ಜಾಸ್ತಿ ಅಂತ 1906ರಲ್ಲೇ ಬೆರ್ಗೋನಿಯೆ ಮತ್ತು ಟ್ರಿಬೊಂಡೋ ಅನ್ನೋ ಇಬ್ಬರು ಫ್ರೆಂಚರು ಹೇಳಿದ್ದರು. ಮಕ್ಕಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಅನ್ನೋದಕ್ಕೆ ಇದೂ ಒಂದು ಕಾರಣ.

ಕೂದಲು ಉದುರೋದು, ಚರ್ಮ ಕೆಂಪಾಗೋದು ಇವಕ್ಕೆ ಒಂದು ಗಡಿ ಇದೆ. ಆ ಗಡಿ ದಾಟದಿದ್ದರೆ ಆಗೋದಿಲ್ಲ. ಕ್ಯಾನ್ಸರಿನ ಮಾತು ಬೇರೆ, ಅಲ್ಲಿ ಎಲ್ಲ ಸಂಭವನೀಯತೆ, ಲಾಟರಿ ಇದ್ದ ಹಾಗೆ. ತೀರಾ ಕಡಿಮೆ ಡೋಸಿನಲ್ಲಿ ಆ ಲಾಟರಿ ಹೇಗೆ ನಡೆಯುತ್ತೆ ಅನ್ನೋದಕ್ಕೆ ವಿಜ್ಞಾನಿಗಳಲ್ಲೇ ಜಗಳ ಇದೆ. ನಮ್ಮ ಪಕ್ಕದ ಕೇರಳದ ಕರುನಾಗಪ್ಪಳ್ಳಿಯ ಕರಾವಳಿ ಮರಳಿನಲ್ಲಿ ಥೋರಿಯಂ ಹೇರಳವಾಗಿದೆ. ತಲೆತಲಾಂತರದಿಂದ ಜನ ಅದರ ಮೇಲೇ ಬದುಕಿದ್ದಾರೆ, ಅಲ್ಲಿ ಕ್ಯಾನ್ಸರ್ ಹೆಚ್ಚಾಗಿಲ್ಲ ಅಂತ 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಇನ್ನೊಂದು ಕಡೆ, ಯುರೋಪಿನ ಒಂಬತ್ತು ದೇಶಗಳ ಒಂಬತ್ತೂವರೆ ಲಕ್ಷದಷ್ಟು ಮಕ್ಕಳು-ಯುವಕರ ಸಿಟಿ ಸ್ಕ್ಯಾನ್ ಇತಿಹಾಸ ಜಾಲಾಡಿದ ಅಧ್ಯಯನ 2023ರಲ್ಲಿ ಬಂತು. ಈಗಿನ ಸರಾಸರಿ ಡೋಸಿನಲ್ಲಿ ಹತ್ತು ಸಾವಿರ ಮಕ್ಕಳಿಗೆ ಸ್ಕ್ಯಾನ್ ಮಾಡಿದರೆ, ಮುಂದಿನ 5ರಿಂದ 12 ವರ್ಷಗಳಲ್ಲಿ ಅದರಿಂದಾಗಿಯೇ ಒಬ್ಬರಿಗೋ ಇಬ್ಬರಿಗೋ ರಕ್ತದ ಕ್ಯಾನ್ಸರ್ ಬರಬಹುದು ಅನ್ನೋದು ಅದರ ಅಂದಾಜು. ಹತ್ತು ಸಾವಿರಕ್ಕೆ ಒಂದೋ ಎರಡೋ. ತಲೆಗೆ ಜೋರಾಗಿ ಪೆಟ್ಟುಬಿದ್ದು ವಾಂತಿ ಮಾಡ್ತಿರೋ ಮಗುವಿಗೆ ಇದು ಲೆಕ್ಕಕ್ಕೇ ಬಾರದ ಅಪಾಯ, ಸ್ಕ್ಯಾನ್ ಮಾಡಿಸಲೇಬೇಕು. ಸುಮ್ಮನೆ ಒಂದು ನೋಡಿಬಿಡೋಣ ಅಂತ ಮಾಡಿಸೋದಾದರೆ ಆ ಒಂದೋ ಎರಡೋ ಕೂಡ ಬೇಡ.

"ಸಂಖ್ಯೆ ಕೊಟ್ಟರೆ ಜನ ಹೆದರಿ ಓಡ್ತಾರೆ" ಅನ್ನೋದು ನನ್ನ ಡಾಕ್ಟರ್ ಗೆಳೆಯರೊಬ್ಬರ ವಾದ. ಅವರ ಮೇಲೆ ನನಗೆ ಗೌರವ ಇದೆ, ಆದರೆ ಈ ಮಾತು ಒಪ್ಪಲಾರೆ. ಈಗ ಜನ ಹೆದರುತ್ತಿರೋದೇ ಸಂಖ್ಯೆ ಇಲ್ಲದ್ದಕ್ಕೆ. ನಮ್ಮ ಕಡೆ ಸಾಮಾನ್ಯವಾಗಿ ಕೇಳಿಬರೋ ಒಂದು ಸಂಗತಿ ನೋಡಿ. ಹೆಂಗಸೊಬ್ಬರು ಕೆಮ್ಮಿಗೆ ಎದೆ ಎಕ್ಸ್-ರೇ ತೆಗೆಸಿರ್ತಾರೆ, ಎರಡು ವಾರಕ್ಕೆ ಬಸುರಿ ಅಂತ ಗೊತ್ತಾಗುತ್ತೆ. ಮನೆಯಲ್ಲಿ ಗಾಬರಿ. ಅತ್ತೆಯಿಂದ ಹಿಡಿದು ಮೆಡಿಕಲ್ ಶಾಪಿನವನ ತನಕ ಎಲ್ಲರೂ ತೆಗೆಸಿಬಿಡಿ ಅನ್ನೋವರೇ. ಎದೆ ಎಕ್ಸ್-ರೇಯಿಂದ ಗರ್ಭಕ್ಕೆ ಬೀಳೋದು 0.01 ಮಿಲಿಗ್ರೇಗಿಂತಲೂ ಕಡಿಮೆ. 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ವಿಕಿರಣದ ಕಾರಣಕ್ಕೆ ಗರ್ಭ ತೆಗೆಸಬೇಕಿಲ್ಲ ಅಂತ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವೇ ಹೇಳುತ್ತೆ. ಕಿಬ್ಬೊಟ್ಟೆಯ ಸಿಟಿಯಲ್ಲಿ ಕೂಡ ಸರಾಸರಿ 25ರ ಆಸುಪಾಸು. ಒಂದು ಸಂಖ್ಯೆ ಹಾಳೆಯ ಮೇಲಿದ್ದಿದ್ದರೆ, ಅದನ್ನು ಓದಿ ಹೇಳೋರು ಒಬ್ಬರಿದ್ದಿದ್ದರೆ, ಒಂದು ಜೀವ ಉಳೀತಿತ್ತು. ಯಾವ ಊರಲ್ಲಿ ಎಷ್ಟು ಉಳಿಯದೇ ಹೋದವೋ, ಅದಕ್ಕೆ ಯಾವ ರಿಜಿಸ್ಟರೂ ಇಲ್ಲ.

ಇನ್ನು ಎರಡನೇ ಅರ್ಧಕ್ಕೆ ಬರ್ತೀನಿ, ಕೆಲಸದವರ ವಿಷಯ. ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲೇ.

ಹೋದ ವರ್ಷ ತಂಗಿಯ ಮಗ ಗೋಡೆ ಹತ್ತಲು ಹೋಗಿ ಕೈ ಮುರಿದುಕೊಂಡ. ತಾಲ್ಲೂಕು ಊರಿನ ಒಂದು ಎಕ್ಸ್-ರೇ ಸೆಂಟರಿಗೆ ಕರಕೊಂಡು ಹೋಗಿದ್ದೆ. ನನ್ನನ್ನು ಹೊರಗೆ ನಿಲ್ಲಿಸಿ, ಅಲ್ಲಿನ ಆಯಾ ಒಬ್ಬಾಕೆ ಹುಡುಗನ ಭುಜ ಹಿಡಿದು ಕೂತರು. ಮೈಮೇಲೆ ಏಪ್ರನ್ ಇಲ್ಲ. ಟೆಕ್ನಿಷಿಯನ್ನಿನ ಬ್ಯಾಡ್ಜು ಒಳಗೆ ಕ್ಯಾಲೆಂಡರಿನ ಮೊಳೆಗೆ ನೇತಾಡ್ತಿತ್ತು. ಹೊರಗೆ ಬಂದ ಮೇಲೆ ಆಕೆಯನ್ನು ಕೇಳಿದೆ, "ದಿನಾ ಹೀಗೆ ಮಕ್ಕಳನ್ನ ನೀವೇ ಹಿಡ್ಕೊಳೋದಾ ಅಮ್ಮಾ? ನಿಮಗೆ ಬ್ಯಾಡ್ಜು ಕೊಟ್ಟಿಲ್ವಾ?" ಆಕೆ ನಕ್ಕರು. "ಅದು ಅವರಿಗೆ ಸಾರ್. ನಾನು ಕಸ ಗುಡಿಸೋಳು."

ಹುಡುಗನನ್ನು ಹಿಡಿಯಬೇಕಾದವನು ನಾನು. ನಿಯಮವೂ ಅದನ್ನೇ ಹೇಳುತ್ತೆ. ಮಗುವನ್ನು ಹಿಡಿಯಲೇಬೇಕಾದರೆ ಮನೆಯವರು ಹಿಡೀಬೇಕು, ಸೀಸದ ಏಪ್ರನ್ ಹಾಕಿಕೊಂಡು. ಸಿಬ್ಬಂದಿಯನ್ನು ಆ ಕೆಲಸಕ್ಕೆ ಹಚ್ಚಬಾರದು. ನಾನು ಹಿಡಿಯೋದು ಜೀವಮಾನದಲ್ಲಿ ಒಂದೋ ಎರಡೋ ಸಲ, ಆಕೆ ಹಿಡಿಯೋದು ದಿನಕ್ಕೆ ಎಷ್ಟೋ. ಎಕ್ಸ್-ರೇ ತೆಗೆಯುವಾಗ ಕೋಣೆಯಲ್ಲಿ ಇರುವವರ ಮೇಲೆ ಬೀಳೋದು ಮುಖ್ಯವಾಗಿ ರೋಗಿಯ ಮೈಯಿಂದಲೇ ಚದುರಿ ಬರುವ ಕಿರಣ. ಒಂದು ಮೀಟರ್ ದೂರದಲ್ಲಿ ಅದು ರೋಗಿಯ ಮೇಲೆ ಬಿದ್ದದ್ದರ ಸಾವಿರದ ಒಂದು ಪಾಲಿನಷ್ಟು. ಅಂತರ ಎರಡರಷ್ಟಾದರೆ ಡೋಸು ಕಾಲುಭಾಗ. ಅಂದರೆ ಬಹಳ ಸಲ ಎರಡು ಹೆಜ್ಜೆ ಹಿಂದೆ ಸರಿಯೋದೇ ದೊಡ್ಡ ರಕ್ಷಣೆ. ಆಯಾಗೆ ಆ ಎರಡು ಹೆಜ್ಜೆಯ ಅವಕಾಶವೂ ಇಲ್ಲ, ಮಗುವಿಗೆ ಅಂಟಿಕೊಂಡೇ ಕೂರಬೇಕು.

ಆ ಬ್ಯಾಡ್ಜು ಅಂದೆನಲ್ಲ, ಟಿಎಲ್‌ಡಿ ಅಂತಾರೆ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಪುಟ್ಟ ಬಿಲ್ಲೆ ಅದರೊಳಗಿರುತ್ತೆ. ಬಿದ್ದ ವಿಕಿರಣದ ಶಕ್ತಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಕಳಿಸಿ ಬಿಸಿ ಮಾಡಿದರೆ ಬೆಳಕು ಸೂಸುತ್ತವೆ, ಆ ಬೆಳಕನ್ನು ಅಳೆದರೆ ಡೋಸು. ಎಷ್ಟು ಚಂದದ ಉಪಾಯ ಅಲ್ವಾ! ಎದೆಯ ಮೇಲೆ, ಏಪ್ರನ್ನಿನ ಒಳಗೆ ಹಾಕಿಕೊಂಡರೆ ಮಾತ್ರ. ಮೊಳೆಗೆ ನೇತುಹಾಕಿದರೆ ಅದು ಅಳೆಯೋದು ಕ್ಯಾಲೆಂಡರಿನ ಡೋಸನ್ನು. ಆಪರೇಷನ್ ಥಿಯೇಟರುಗಳಲ್ಲಿ ಇನ್ನೊಂದು ಚಾಳಿ ಇದೆಯಂತೆ. ಲೆಕ್ಕ ಜಾಸ್ತಿ ಬಂದರೆ ಮೇಲಿನವರಿಗೆ ವಿವರಣೆ ಕೊಡಬೇಕು, ಯಾಕೆ ರಗಳೆ ಅಂತ ಬ್ಯಾಡ್ಜನ್ನು ಲಾಕರಿನಲ್ಲೇ ಬಿಟ್ಟು ಬರೋದು. ಹಾಕಿಕೊಳ್ಳೋರಲ್ಲೂ ಎಷ್ಟು ಜನಕ್ಕೆ ತಮ್ಮ ಕಳೆದ ತ್ರೈಮಾಸಿಕದ ಸಂಖ್ಯೆ ಗೊತ್ತು? ಪರಿಚಯದ ಟೆಕ್ನಿಷಿಯನ್ ಹುಡುಗನ್ನ ಕೇಳಿದೆ. "ಆಫೀಸಿಗೆ ಬರುತ್ತೆ ಸಾರ್, ಫೈಲಲ್ಲಿ ಇರುತ್ತೆ" ಅಂದ. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಮಿತಿ ಗೊತ್ತಿದ್ದೂ ತನ್ನ ಅಂಕ ಗೊತ್ತಿಲ್ಲದವನು ಏನು ಮಾಡಬೇಕು?

ಕಣ್ಣಿನ ವಿಷಯವಂತೂ ಇನ್ನೂ ಮೋಸ. ಕಣ್ಣಿನ ಮಸೂರದ ಒಳಗಿನ ಕೋಶಗಳು ಹುಟ್ಟಿದಾಗಿನಿಂದ ಅಲ್ಲೇ ಇರುತ್ತವೆ, ಸತ್ತದ್ದನ್ನು ಹೊರಹಾಕೋ ದಾರಿ ಇಲ್ಲ. ಹಾಳಾದದ್ದು ಹಿಂಭಾಗದಲ್ಲಿ ಮಬ್ಬಾಗಿ ಕೂರುತ್ತೆ. ಹೃದಯದ ಆಂಜಿಯೋಗ್ರಾಂ, ಸ್ಟೆಂಟು ಹಾಕೋ ಕ್ಯಾಥ್ ಲ್ಯಾಬಿನಲ್ಲಿ ವೈದ್ಯರು ರೋಗಿಯ ಪಕ್ಕದಲ್ಲೇ ನಿಂತು, ಕಿರಣ ಹಾಯುತ್ತಿರುವಾಗಲೇ ಕೆಲಸ ಮಾಡಬೇಕು. ಕೊಲಂಬಿಯಾದ ಬೊಗೊಟಾದಲ್ಲಿ ಇವರ ಕಣ್ಣು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಬಂತು. ಹೃದಯತಜ್ಞರಲ್ಲಿ 38 ಶೇಕಡಾ ಮಂದಿಗೆ, ನರ್ಸು-ತಂತ್ರಜ್ಞರಲ್ಲಿ 21 ಶೇಕಡಾ ಮಂದಿಗೆ ಮಸೂರದ ಹಿಂಭಾಗದಲ್ಲಿ ಮಬ್ಬು. ಹೋಲಿಕೆಗೆ ತೆಗೆದುಕೊಂಡ ಬೇರೆಯವರಲ್ಲಿ 12. ಮರುವರ್ಷ, 2011ರಲ್ಲಿ, ಅಂತಾರಾಷ್ಟ್ರೀಯ ಆಯೋಗ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150ರಿಂದ 20 ಮಿಲಿಸೀವರ್ಟಿಗೆ ಇಳಿಸಬೇಕು ಅಂತ ಶಿಫಾರಸು ಮಾಡಿತು. ಏಪ್ರನ್ನಿನೊಳಗಿನ ಬ್ಯಾಡ್ಜಿಗೆ ಕಣ್ಣಿನ ಕಥೆ ತಿಳಿಯೋದಿಲ್ಲ. ಸೀಸದ ಕನ್ನಡಕ, ಮೇಲಿಂದ ಇಳಿಬಿಟ್ಟ ಸೀಸದ ಗಾಜು ಇದ್ದರೆ ಉಳಿದುಕೊಂಡಿತು. ಎಲ್ಲರ ಎದೆ ಉಳಿಸೋರ ಕಣ್ಣಿಗೆ ಪೊರೆ!

ಏಪ್ರನ್ನಿನ ಬಗ್ಗೆ ಒಂದು ಮಾತು, ಇದು ನನಗೂ ಓದಿದಾಗ ವಿಚಿತ್ರ ಅನ್ನಿಸಿತ್ತು. ನಾವೆಲ್ಲ ಎಕ್ಸ್-ರೇಗೆ ಹೋದಾಗ "ಏಪ್ರನ್ ಹಾಕಿ" ಅಂತ ಕೇಳೋದೇ ಜಾಗೃತ ನಾಗರಿಕನ ಲಕ್ಷಣ ಅಂದುಕೊಂಡಿದ್ದೀವಿ. ಆದರೆ ರೋಗಿಗೆ ಹೊದಿಸೋ ಏಪ್ರನ್ನಿನ ಪದ್ಧತಿಯನ್ನು ನಿಲ್ಲಿಸಿ ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಹೇಳಿತು. ದಂತವೈದ್ಯರ ಸಂಘ 2024ರಲ್ಲಿ. ಮೈಯೊಳಗೇ ಚದುರುವ ಕಿರಣವನ್ನು ಹೊರಗಿನ ಸೀಸ ತಡೆಯೋದಿಲ್ಲ. ಚಿತ್ರದ ಜಾಗಕ್ಕೆ ಅಡ್ಡ ಬಂದರೆ ಯಂತ್ರ ಕತ್ತಲೆಯೆಂದು ತಿಳಿದು ತಾನೇ ಡೋಸು ಏರಿಸುತ್ತೆ, ಇಲ್ಲಾ ನೋಡಬೇಕಾದ ಜಾಗ ಮುಚ್ಚಿ ಇನ್ನೊಂದು ಸಲ ತೆಗೀಬೇಕಾಗುತ್ತೆ. ಏಪ್ರನ್ ನಿಜಕ್ಕೂ ಬೇಕಾದದ್ದು ಕೋಣೆಯೊಳಗೆ ನಿಲ್ಲುವ ಸಿಬ್ಬಂದಿಗೆ, ಮಗು ಹಿಡಿಯುವ ಮನೆಯವರಿಗೆ. ಅದನ್ನೂ ಮಡಚಿ ಕುರ್ಚಿಗೆ ಎಸೆದರೆ ಒಳಗಿನ ಸೀಸ ಬಿರುಕು ಬಿಡುತ್ತೆ, ಹೊರಗೆ ಕಾಣೋದಿಲ್ಲ. ಅಗಲ ಹ್ಯಾಂಗರಿಗೆ ನೇತುಹಾಕಬೇಕು. ಕೆಲವು ಸೆಂಟರುಗಳಲ್ಲಿ ಅದರ ಮೇಲೆ ಕೂತಿರೋರನ್ನೂ ನೋಡಿದ್ದೀನಿ :-)

ವಿಕಿರಣ ಅಂದರೆ ನಾವು ಕನ್ನಡಿಗರು ಎಚ್ಚರ ಇಲ್ಲದವರೇನಲ್ಲ. ಕೈಗಾ ಸ್ಥಾವರದ ವಿರುದ್ಧ ಹೋರಾಡಿದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೇ ನಿಂತಿದ್ದರು. ಆ ಪ್ರಶ್ನೆಗಳೆಲ್ಲ ಕೇಳಬೇಕಾದವೇ, ನನ್ನ ತಕರಾರಿಲ್ಲ. ಆದರೆ ಮನುಷ್ಯನೇ ಉಂಟುಮಾಡಿದ ವಿಕಿರಣದಲ್ಲಿ ನಮ್ಮ ಮೈಗೆ ಬೀಳೋದರ ಸಿಂಹಪಾಲು ಆಸ್ಪತ್ರೆಗಳದ್ದು. ಜಗತ್ತಿನಲ್ಲಿ ವರ್ಷಕ್ಕೆ 420 ಕೋಟಿ ವಿಕಿರಣ ಪರೀಕ್ಷೆಗಳು ನಡೀತವೆ ಅಂತ ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ ಅಂದಾಜು, 2009ರಿಂದ 2018ರ ಅವಧಿಯದ್ದು. ಅದರಲ್ಲಿ ಸಿಟಿ ಹತ್ತನೇ ಒಂದು ಭಾಗ ಮಾತ್ರ, ಆದರೆ ಡೋಸಿನ ಲೆಕ್ಕದಲ್ಲಿ ಸುಮಾರು 62 ಶೇಕಡಾ. ಸ್ಥಾವರದ ಬೇಲಿಯ ಹತ್ತಿರ ಮೀಟರು ಹಿಡಿದು ನಿಲ್ಲೋ ನಾವು, ಬೀದಿ ಮೂಲೆಯ ಸ್ಕ್ಯಾನ್ ಸೆಂಟರಿನಲ್ಲಿ ಬಾಯೇ ಬಿಡೋದಿಲ್ಲ. ಮೇಲಾಗಿ "ಹೋಲ್ ಬಾಡಿ ಚೆಕಪ್" ಪ್ಯಾಕೇಜಿಗೆ ದುಡ್ಡು ಕೊಟ್ಟು ಬೇಡದ ಸಿಟಿಯನ್ನೂ ಮಾಡಿಸಿಕೊಂಡು ಬರ್ತೀವಿ.

ಸರ್ಕಾರ ನೋಡಿಕೊಳ್ಳುತ್ತೆ ಅಂತೀರಾ? ಸಿಎಜಿ 2012ರಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೆಕ್ಕಪರಿಶೋಧನೆ ಮಾಡಿದಾಗ, ದೇಶದ 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ ಮಂಡಳಿಯಲ್ಲಿ ನೋಂದಣಿ ಆಗಿದ್ದದ್ದು 5,270. ನೂರಕ್ಕೆ 91 ಲೆಕ್ಕದ ಹೊರಗೆ. ರಾಜ್ಯಕ್ಕೊಂದು ವಿಕಿರಣ ಸುರಕ್ಷತಾ ನಿರ್ದೇಶನಾಲಯ ಮಾಡಿ ಅಂತ ಸುಪ್ರೀಂ ಕೋರ್ಟು 2001ರಲ್ಲೇ ಹೇಳಿತ್ತು. ಹನ್ನೊಂದು ವರ್ಷದ ಮೇಲೆ ಆ ವರದಿ ಬರುವ ಹೊತ್ತಿಗೆ ಮಾಡಿಕೊಂಡಿದ್ದದ್ದು ಕೇರಳ ಮತ್ತು ಮಿಜೋರಾಂ, ಎರಡೇ. ಆಮೇಲೆ ಮಂಡಳಿ ಇ-ಲೋರಾ ಅಂತ ಆನ್‌ಲೈನ್ ವ್ಯವಸ್ಥೆ ತಂದಿತು, ಪರವಾನಗಿಗೆ ಅಲ್ಲೇ ಅರ್ಜಿ ಹಾಕಬೇಕು. ಒಳ್ಳೆಯದೇ. ಆದರೆ ಪರವಾನಗಿ ಯಂತ್ರಕ್ಕೆ ಸಿಗುತ್ತೆ. ಆಯಾ ಯಾವ ಕಂಪ್ಯೂಟರಿನಲ್ಲೂ ಇಲ್ಲ.

ಹಾಗಾಗಿ ಕಾನೂನು ಬರೋ ತನಕ ಕಾಯದೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೀನಿ. ಮನೆಯವರಿಗೆ ಯಾರಿಗಾದರೂ ಸಿಟಿ ಬರೆದುಕೊಟ್ಟರೆ, ಮೊದಲು ಹಳೆಯ ಫಿಲ್ಮು ತೋರಿಸಿ "ಇದರಲ್ಲೇ ಆಗಲ್ವಾ, ಅಲ್ಟ್ರಾಸೌಂಡಿನಲ್ಲಿ ಆಗಲ್ವಾ ಡಾಕ್ಟ್ರೇ?" ಅಂತ ಕೇಳೋದು. ಬೇಕೇ ಬೇಕು ಅಂದರೆ ಮರುಮಾತಿಲ್ಲದೆ ಮಾಡಿಸೋದು. ಮುಗಿದ ಮೇಲೆ ಕೌಂಟರಿನಲ್ಲಿ "ಡಿಎಲ್‌ಪಿ ಎಷ್ಟು ಅಂತ ರಿಪೋರ್ಟಿನಲ್ಲಿ ಬರೆದುಕೊಡಿ" ಅನ್ನೋದು. ಈತನಕ ಮೂರು ಕಡೆ ಕೇಳಿದ್ದೀನಿ. ಒಂದು ಕಡೆ ಏನದು ಅಂದರು, ಒಂದು ಕಡೆ ಸಿಡಿಯಲ್ಲಿದೆ ನೋಡ್ಕೊಳ್ಳಿ ಅಂದರು, ಮೂರನೇ ಕಡೆ ಒಬ್ಬ ಎಳೆಯ ರೇಡಿಯಾಲಜಿಸ್ಟು ಹೊರಗೆ ಬಂದು, ಯಾಕೆ ಕೇಳ್ತಿದ್ದೀರಿ ಅಂತ ವಿಚಾರಿಸಿ, ರಿಪೋರ್ಟಿನ ಕೆಳಗೆ ಪೆನ್ನಿನಲ್ಲಿ ಬರೆದು ಸಹಿ ಹಾಕಿ ಕೊಟ್ಟರು. 612. ಹೊಟ್ಟೆಯ ಸ್ಕ್ಯಾನು, ಸುಮಾರು 9 ಮಿಲಿಸೀವರ್ಟ್. ಆ ಹಾಳೆ ಅಮ್ಮನ ಫೈಲಿನಲ್ಲಿದೆ.

ನಿಮ್ಮಲ್ಲಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿದ್ದರೆ, ನಿಮ್ಮ ಬ್ಯಾಡ್ಜಿನ ಕಳೆದ ಮೂರು ತಿಂಗಳ ಸಂಖ್ಯೆ ಕೇಳಿದಾಗ ಆಫೀಸಿನವರು ಏನಂದರು ಅಂತ ಬರೆಯಿರಿ. ಹೆಸರು ಬೇಡ, ಊರೂ ಬೇಡ.